ಮಾಸ್ತರರ ಕೈಫಿಯತ್ತಿಗೆ ಮುಕರ್ರರ್

ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಆಮೇಲೆ ಮೈಕ್ ಹಿಡಿದು ನಿಮ್ಮ ತಾಯಿಯನ್ನು ಬೈದರೆ ನೀವೇನು ಮಾಡುತ್ತೀರಿ?

ಎದ್ದು ಹೋಗುತ್ತೀರಾ? ಮೈಕ್ ಕಿತ್ತುಕೊಳ್ಳುತ್ತೀರಾ? (ನಾನಾಗಿದ್ದರೆ ಬುಟ್ಟಿಯೊಳಗಿನ ಅನಾನಸನ್ನೇ ಮೊದಲು ಕೈಗೆತ್ತಿಕೊಳ್ಳುತ್ತಿದ್ದೆ.) ಕಳೆದ ಭಾನುವಾರ ನನ್ನ ಗೆಳತಿ ಸುಮಿತ್ರಾ ಇದ್ಯಾವುದನ್ನೂ ಮಾಡಲಿಲ್ಲ. ಶಾಲು ಹೊದ್ದುಕೊಂಡು ವೇದಿಕೆಯ ಮೇಲೆ ಕೂತೇ ಇದ್ದಳು. ಎರಡನೇ ಸಾಲಿನಲ್ಲಿ ಕೂತಿದ್ದ ನನಗೆ ಅವಳ ಮುಖ ಬಿಳಿಚಿಕೊಂಡಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಮೊದಲಿನಿಂದ ಹೇಳುತ್ತೇನೆ. ಸಿಟ್ಟಿನಲ್ಲಿ ಹಿಂದುಮುಂದಾದರೆ ಕ್ಷಮೆ ಇರಲಿ.

ಸುಮಿತ್ರಾಳ ತಂದೆ ಕವಿಗಳು. ಹೈದರಾಬಾದಿನ ನಮ್ಮ ಕನ್ನಡದ ಮಂದಿಗೆಲ್ಲ ‘ಮಾಸ್ತರರು’. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಮನೆ, ಮಡದಿ, ತೊಟ್ಟಿಲು ಎಂದು ಬಾಯ್ತುಂಬ ಹಾಡು ಕಟ್ಟಿದವರು. ನಮ್ಮ ಪೈಕಿಯ ಮದುವೆಗಳಲ್ಲಿ ಅವರದೊಂದು ಹಾಡು ಆಗದೆ ಊಟದ ಎಲೆ ಬೀಳುತ್ತಿರಲಿಲ್ಲ. ಅವರು ತೀರಿಕೊಂಡು ಬಹಳ ಕಾಲವಾಯಿತು. ಹೆಂಡತಿ ನೀಲವ್ವ ಇದ್ದಾರೆ. ನಾರಾಯಣಗೂಡದಲ್ಲಿ ಮಗಳ ಮನೆಯಲ್ಲೇ ಇರುತ್ತಾರೆ. ಕಣ್ಣು ಮಂಜಾಗಿದೆ. ಕಿವಿ ಮಾತ್ರ ಗಟ್ಟಿ.

ಈಗ ಮಾಸ್ತರರ ಮೇಲೆ ಒಂದು ಪುಸ್ತಕ ಬಂದಿದೆ. ಹೊಸ ವಿಷಯ. ಕವಿಯೂ ಕೋರ್ಟೂ! ಅವರ ಯಾವುದೋ ಹಾಡು ಅಂದಿನ ಅಧಿಕಾರಿಯೊಬ್ಬನನ್ನು ಕೆಣಕಿ ಕೇಸಾಗಿತ್ತು, ಖುಲಾಸೆಯೂ ಆಗಿತ್ತು. ಅದು ನಮಗೆಲ್ಲ ಗೊತ್ತಿದ್ದ ಕಥೆ. ಅದನ್ನೇ ಬರೆದಿರಬೇಕು ಅಂದುಕೊಂಡಿದ್ದೆವು. ಆಮಂತ್ರಣದಲ್ಲಿ ‘ಅಪೂರ್ವ ದಾಖಲೆಗಳೊಂದಿಗೆ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಲೇಖಕ ಮಹಾಶಯರು ಸುಮಿತ್ರಾಳ ಮನೆಗೆ ಎರಡು ಮೂರು ಸಲ ಬಂದು, ಹಳೆಯ ಫೋಟೋ ತೆಗೆದುಕೊಂಡು, ನೀಲವ್ವನ ಕೈಯ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಹೋಗಿದ್ದರು.

ಇನ್ನು ಬಿಡುಗಡೆಯ ಶಾಸ್ತ್ರ. ನಮ್ಮಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತು. ಪುಸ್ತಕವನ್ನು ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ತಟ್ಟೆಯಲ್ಲಿಟ್ಟು ತರುತ್ತಾರೆ. ಬಿಡುಗಡೆ ಮಾಡುವವರು ರಿಬ್ಬನ್ ಎಳೆಯಬೇಕು, ಕಾಗದ ಹರಿಯಬೇಕು, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೋಗೆ ನಗಬೇಕು. ಒಳಗೇನಿದೆ ಎಂದು ಓದಿ ಬಂದವರು ಬಿಡುಗಡೆ ಮಾಡಿದ್ದನ್ನು ನಾನಂತೂ ನೋಡಿಲ್ಲ. ಕವಿಯ ಮನೆಯವರನ್ನು ಕರೆದು ಶಾಲು ಹೊದಿಸುತ್ತೇವೆ, ಅವರಿಗೂ ಒಂದು ಪ್ರತಿ ಮೊದಲೇ ಕಳಿಸೋಣ ಎಂದು ಯಾರಿಗೂ ಹೊಳೆಯುವುದಿಲ್ಲ. ಸರಪ್ರೈಸ್ ಅಂತೆ!

ಸುಮಿತ್ರಾ ರಿಬ್ಬನ್ ಎಳೆದಳು. ನಕ್ಕಳು. ಚಪ್ಪಾಳೆ ಬಿತ್ತು.

ಆಮೇಲೆ ಲೇಖಕರು ಮೈಕಿಗೆ ಬಂದರು. “ಇವತ್ತು ನಿಮಗೊಂದು ನಿಧಿ ತೋರಸ್ತೀನ್ರಿ” ಎಂದರು. “ಮಾಸ್ತರರು ಬರೇ ಕವಿ ಅಂತ ತಿಳಕೊಂಡಿದ್ರಿ ಹೌದಿಲ್ಲೋ? ಅವರ ಗದ್ಯ ಕೇಳ್ರಿ. ಇಲ್ಲೀತನಕ ಎಲ್ಲೂ ಅಚ್ಚಾಗಿಲ್ಲ. ಊರ ಕಡೆಯ ಕೋರ್ಟಿನ ಹಳೇ ಕಡತದಾಗ ಧೂಳು ತಿನ್ನಾಕತ್ತಿತ್ತು.”

ಯಾವ ಕಡತ? ಅದನ್ನೂ ಅವರೇ ಹೇಳಿದರು, ಹೆಮ್ಮೆಯಿಂದ. ಮದುವೆಯಾದ ಹೊಸದರಲ್ಲಿ, ಸುಮಿತ್ರಾ ಇನ್ನೂ ಕೂಸಾಗಿದ್ದಾಗ, ನೀಲವ್ವ ಗಂಡನನ್ನು ಬಿಟ್ಟು ತವರಿಗೆ ಹೋಗಿ ಜೀವನಾಂಶಕ್ಕೆ ದಾವೆ ಹಾಕಿದ್ದರಂತೆ. ಅದಕ್ಕೆ ಗಂಡ ಕೊಟ್ಟ ಲಿಖಿತ ಉತ್ತರ, ಅಂದರೆ ಕೈಫಿಯತ್ತು, ವಕೀಲರು ಬರೆದದ್ದಲ್ಲವಂತೆ. ಮಾಸ್ತರರು ತಾವೇ ಕೂತು ಬರೆದದ್ದಂತೆ.

ಅಯ್ಯೋ ಶಿವನೇ! ಸುಮಿತ್ರಾಳ ಕಡೆ ನೋಡಿದೆ. ಅವಳಿಗೆ ದಾವೆಯ ವಿಷಯವೇ ಗೊತ್ತಿರಲಿಲ್ಲ ಎಂಬುದು ಅವಳ ಕಣ್ಣಲ್ಲೇ ತಿಳಿಯುತ್ತಿತ್ತು. ಅಪ್ಪ ಅವ್ವನದು ಆದರ್ಶ ದಾಂಪತ್ಯ ಎಂದು ನಂಬಿ ಬೆಳೆದವಳು. ಬಾಲಾನಗರದ ಕಾರ್ಖಾನೆಯಲ್ಲಿ ನೌಕರಿ ಮಾಡಿ ನಿವೃತ್ತಳಾದ ಮೇಲೆ, ಮುನ್ನೂರು ಜನರ ಎದುರು, ಮೈಕಿನಲ್ಲಿ ಅವಳಿಗೆ ಈ ಸುದ್ದಿ ತಿಳಿಯಿತು.

ಲೇಖಕರು ಓದತೊಡಗಿದರು. ಕಂಠ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

“ಈಕೆ ಹೊಸ್ತಿಲು ದಾಟಿ ಬಂದ ದಿನದಿಂದ ನನ್ನ ದೀಪದಲ್ಲಿ ಎಣ್ಣೆ ನಿಲ್ಲಲಿಲ್ಲ. ಅಕ್ಷರವೆಂದರೆ ಸೌದೆ ಎಂದು ತಿಳಿದವಳ ಕೈಗೆ ನನ್ನ ಬಾಳು ಸಿಕ್ಕಿತು. ನನ್ನ ಹಾಡುಗಳು ಬಚ್ಚಲ ಒಲೆಯಲ್ಲಿ ಬೂದಿಯಾದವು. ಆ ಬೂದಿಯಿಂದಲೇ ಈಕೆ ಪಾತ್ರೆ ತಿಕ್ಕಿದಳು. ಬುದ್ಧಿ ಸ್ಥಿಮಿತದಲ್ಲಿಲ್ಲದವಳಿಗೆ ಜೀವನಾಂಶವೇಕೆ?”

“ವಾಹ್!” ಎಂದರು ಮುಂದಿನ ಸಾಲಿನ ಹಿರಿಯರೊಬ್ಬರು.

ಇಲ್ಲೊಂದು ಮಾತು. ಹೈದರಾಬಾದಿನಲ್ಲಿ ತಲೆಮಾರುಗಟ್ಟಲೆ ಇದ್ದು ನಮ್ಮ ಮಂದಿಗೆ ಮುಶಾಯಿರಾದ, ಅಂದರೆ ಉರ್ದು ಕವಿಗೋಷ್ಠಿಯ, ಚಟ ಹತ್ತಿದೆ. ಒಳ್ಳೆಯ ಸಾಲು ಕಿವಿಗೆ ಬಿದ್ದರೆ ಸುಮ್ಮನೆ ಕೂರಲು ಬರುವುದಿಲ್ಲ. ಉರ್ದು ಶಾಯರಿಗೆ ಹೇಗೋ ಕನ್ನಡ ಕವಿತೆಗೂ ಹಾಗೆ. “ಮುಕರ್ರರ್” ಎಂದು ಕೂಗುತ್ತೇವೆ. ಇನ್ನೊಮ್ಮೆ ಹೇಳಿ ಅಂತ. ಬೇರೆ ಯಾವ ಊರಿನ ಕನ್ನಡಿಗರಿಗೂ ಈ ಚಟ ಇದ್ದಂತಿಲ್ಲ, ನಮಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇದೆ.

“ಮುಕರ್ರರ್! ಮುಕರ್ರರ್!” ಎಂದಿತು ಸಭೆ.

ಲೇಖಕರು ಕೈಯೆತ್ತಿ ಸಲಾಂ ಮಾಡಿ ಮತ್ತೊಮ್ಮೆ ಓದಿದರು. ಆ ಬೂದಿಯಿಂದಲೇ ಈಕೆ ಪಾತ್ರೆ ತಿಕ್ಕಿದಳು.

ಬದುಕಿರುವ ಒಬ್ಬ ಹೆಂಗಸಿಗೆ ತಲೆ ಸರಿಯಿಲ್ಲ ಎಂದು ಬರೆದದ್ದನ್ನು, ಅವಳ ಮಗಳ ಎದುರಿಗೆ, ಎರಡೆರಡು ಸಲ ಓದಿಸಿ ಕೇಳಿದೆವು! ಆ ಹಾಲಿನಲ್ಲಿದ್ದವರೆಲ್ಲ ನೀಲವ್ವನನ್ನು ಬಲ್ಲವರು. ಅವರ ಮನೆಯಲ್ಲಿ ಉಂಡವರು. ಒಬ್ಬರಿಗೂ ಏನೂ ಅನ್ನಿಸಲಿಲ್ಲವೇ? ಅನ್ನಿಸಲಿಲ್ಲ. ಯಾಕೆಂದರೆ ಗದ್ಯ ಚೆನ್ನಾಗಿತ್ತು.

ಸಭೆ ಮುಗಿಯುವವರೆಗೆ ಸುಮಿತ್ರಾ ಕೂತಿದ್ದಳು. ಆಮೇಲೆ ನಾನು ಅವಳ ರಟ್ಟೆ ಹಿಡಿದು ಹೊರಗೆ ಕರೆತಂದು ಆಟೋ ಹತ್ತಿಸಿದೆ. ಶಾಲು ಇನ್ನೂ ಹೆಗಲ ಮೇಲೇ ಇತ್ತು. ಹಣ್ಣಿನ ಬುಟ್ಟಿಯನ್ನು ನಾನು ಬೇಕೆಂದೇ ಅಲ್ಲಿ ಬಿಟ್ಟುಬಂದೆ.

ಕೋಠಿ ಪೇಟೆಯವರೆಗೆ ಬಂದಿದ್ದೆವು. ಅಲ್ಲಿ ಟ್ರಾಫಿಕ್ಕಿನಲ್ಲಿ ಆಟೋ ನಿಂತಿತು. ಅವಳು ನನ್ನ ಕಡೆ ತಿರುಗಿದಳು.

“ಅವ್ವ ಕಾಯಾಕತ್ತಿರ್ತಾಳ. ಪುಸ್ತಕ ತಂದು ಓದಿ ಹೇಳು ಅಂದಾಳ. ಏನಂತ ಓದ್ಲಿ?”

“ಓದಬ್ಯಾಡ. ಪುಸ್ತಕ ನನ್ನ ಬ್ಯಾಗಿನಾಗ ಇರಲಿ. ಪ್ರತಿ ಸಾಲಲಿಲ್ಲ, ಆಮ್ಯಾಲ ಕೊಡ್ತಾರಂತ ಅಂತ ಹೇಳಿದ್ರಾತು.”

“ಎಷ್ಟು ದಿವಸ ಹಂಗ ಹೇಳೂದು? ನಾ ಕೋರ್ಟಿಗೆ ಹೋಗ್ತೀನಿ. ಈ ಪುಸ್ತಕ ನಿಲ್ಲಸ್ತೀನಿ. ನಿಮ್ಮ ಮನಿಯವರಿಗೆ ಫೋನ್ ಹಚ್ಚು.”

ನಮ್ಮ ಮನೆಯವರು ವಕೀಲರು. (ಹಳೆಯ ಓದುಗರಿಗೆ ಗೊತ್ತೇ ಇದೆ, ಈ ಅಂಕಣದಲ್ಲಿ ಅವರಿಗೆ ಸಾಕಷ್ಟು ಮಂಗಳಾರತಿ ಆಗಿದೆ.) ಫೋನ್ ಹಚ್ಚಿದೆ. ಎಲ್ಲ ಹೇಳಿದೆ.

“ಕೋರ್ಟಿನ ಕಡತದಾಗ ಇದ್ದದ್ದನ್ನ ಛಾಪಿಸ್ಯಾರ. ಅದನ್ನ ನಿಲ್ಲಸೂದು ಭಾಳ ತ್ರಾಸಿನ ಕೆಲಸ. ಮತ್ತ ದಾವೆ ಹಾಕಿದ್ರ ನೀಲವ್ವಾರನ್ನ ಈ ವಯಸ್ಸಿನಾಗ ಇನ್ನೊಮ್ಮೆ ಕಟಕಟಿಗೆ ನಿಲ್ಲಸಬೇಕಾಗ್ತೈತಿ. ಸುಮಿತ್ರಾ ತಯಾರಿದ್ದಾಳೇನು ಕೇಳು.”

“ಆದ್ರ ಅದು ಖರೇ ಇದ್ದೀತೇನ್ರಿ? ಕೋರ್ಟಿಗೆ ಕೊಟ್ಟ ಕಾಗದ ಅಲ್ಲೇನು?”

ಅವರು ನಕ್ಕರು. ಅಂಥ ಹೊತ್ತಿನಲ್ಲಿ ನಕ್ಕರು ನೋಡಿ! “ಕೈಫಿಯತ್ತಿನಾಗ ಖರೇ ಇರ್ತೈತಿ ಅಂತ ನಿನಗ ಯಾರು ಹೇಳ್ಯಾರ? ನಾನ ಬರೀತೀನಲ್ಲ. ಗಂಡನ ಕಡೆ ವಕೀಲ ಇದ್ರ ಹೆಂಡ್ತಿ ತಲಿಕೆಟ್ಟಾಕಿ, ಜಗಳಗಂಟಿ. ಹೆಂಡ್ತಿ ಕಡೆ ಇದ್ರ ಗಂಡ ಕುಡುಕ. ಅದು ನಮೂನಿ ಇರ್ತೈತಿ. ಹೆಸರು ಬದಲಿ ಮಾಡೂದು, ಸಹಿ ಹಾಕ್ಸೂದು. ಎದುರಿನವರು ಏನು ಹೇಳ್ಯಾರ, ಜಡ್ಜ್ ಸಾಹೇಬ್ರು ಏನು ನಂಬ್ಯಾರ, ಅದನ್ನ ನೋಡಬೇಕು.”

ನಾನು ದಂಗಾದೆ. ಗಂಡನ ಬಾಯಲ್ಲೇ ಇದನ್ನು ಕೇಳಬೇಕಾಯಿತೇ? ಅನ್ನ ಹಾಕುವ ಕಸುಬಿನ ಅರ್ಧ ಭಾಗ ಸುಳ್ಳು ಎಂದು ಇಷ್ಟು ಸಲೀಸಾಗಿ ಹೇಳಬಹುದೇ? (ರಾತ್ರಿ ಊಟಕ್ಕೆ ಕೂತಾಗ ಈ ಬಗ್ಗೆ ಇನ್ನಷ್ಟು ವಿಚಾರಣೆ ನಡೆಯಿತು. ಅದು ಮನೆಯ ಮಾತು.)

ಆಟೋ ನಿಂತಲ್ಲೇ ನಿಂತಿತ್ತು. ಪಕ್ಕದ ಫುಟ್‌ಪಾತಿನಲ್ಲಿ ಭಾನುವಾರದ ಹಳೆ ಪುಸ್ತಕಗಳ ರಾಶಿ. ಅದರಲ್ಲಿ ಸಾಹಿತಿಗಳ ಜೀವನಚರಿತ್ರೆಗಳೂ ಇರುತ್ತವೆ, ನಾನೂ ಎಷ್ಟೋ ಕೊಂಡಿದ್ದೇನೆ. ಲೇಖಕ ಜೈಲಿಗೆ ಹೋದದ್ದು, ಪುಸ್ತಕ ಮುಟ್ಟುಗೋಲಾದದ್ದು, ಕಟಕಟೆಯಲ್ಲಿ ನಿಂತು ಸರ್ಕಾರಕ್ಕೆ ಸವಾಲು ಹಾಕಿದ್ದು. ಎಷ್ಟು ಹುಮ್ಮಸ್ಸಿನಿಂದ ಓದುತ್ತೇವೆ! ಕವಿ ಕೋರ್ಟಿಗೆ ಹೋದನೆಂದರೆ ಅವನ ಎದುರು ಸರ್ಕಾರವೋ ಸೆನ್ಸಾರೋ ಇರುತ್ತದೆ ಎಂದೇ ನಮ್ಮ ಭಾವನೆ. ಎದುರಿಗೆ ಕೂಸು ಎತ್ತಿಕೊಂಡ ಹೆಂಡತಿ ನಿಂತಿರಬಹುದು ಎಂದು ಎಂದಾದರೂ ಯೋಚಿಸಿದ್ದೇವೆಯೇ? ಕವಿಗಳೂ ಜೀವನಾಂಶದ ಕೇಸು, ಬಾಡಿಗೆಯ ಕೇಸು, ಅಣ್ಣತಮ್ಮಂದಿರ ಹೊಲದ ಕೇಸು ನಡೆಸುತ್ತಾರೆ. ಅಲ್ಲೂ ಅವರು ಚೆನ್ನಾಗಿ ಬರೆಯುತ್ತಾರೆ. ಚೆನ್ನಾಗಿ ಬರೆಯಬಲ್ಲವನು ಎದುರಾಳಿಯಾದರೆ ಏನಾಗುತ್ತದೆ ಎಂಬುದನ್ನು ನಾನು ಅಂದೇ ಮೊದಲು ಕಂಡದ್ದು. ನಮ್ಮ ನಿಮ್ಮ ಬೈಗುಳ ಗಾಳಿಗೆ ಹೋಗುತ್ತದೆ. ಕವಿಯ ಬೈಗುಳ ಗ್ರಂಥವಾಗುತ್ತದೆ.

ಅಷ್ಟರಲ್ಲಿ ಸುಮಿತ್ರಾ ನನ್ನ ಮುಂಗೈ ಹಿಡಿದು ಹಿಂಡಿದಳು. ಬಳೆ ಒಡೆಯುವಷ್ಟು ಗಟ್ಟಿಯಾಗಿ.

“ಲೈವ್!” ಎಂದಳು.

“ಏನು ಲೈವ್?”

“ಕನ್ನಡ ಸಂಘದವರು ಯೂಟ್ಯೂಬಿನಾಗ ಲೈವ್ ಬಿಟ್ಟಿದ್ರು. ನಾನ ಟಿವಿಗೆ ಹಚ್ಚಿಟ್ಟು ಬಂದೀನಿ. ಅವ್ವ ಕೇಳಲಿ, ನಾ ಸ್ಟೇಜ್ ಮ್ಯಾಲ ಇರೂದು ಗೊತ್ತಾಗಲಿ ಅಂತ...”

ಎಂಬತ್ತು ದಾಟಿದ ಜೀವ. ಮನೆಯಲ್ಲಿ ಒಬ್ಬರೇ. ಟಿವಿಯೊಳಗಿಂದ ಸತ್ತ ಗಂಡ ಬೈಯುತ್ತಿದ್ದಾನೆ, ಪರಿಚಯದ ದನಿಗಳೆಲ್ಲ ಮುಕರ್ರರ್ ಎನ್ನುತ್ತಿವೆ. “ಭಯ್ಯಾ, ಜರಾ ಜಲ್ದಿ!” ಎಂದು ಆಟೋದವನ ಬೆನ್ನು ತಟ್ಟಿದೆ. ಅವನು ಮುಂದಿದ್ದ ಬಸ್ಸಿನ ಕಡೆ ಕೈ ತೋರಿಸಿ, “ಉಡ್ಕೋ ಜಾವೂಂ ಕ್ಯಾ ಅಮ್ಮಾ?” ಎಂದ. ಹಾರಿಹೋಗಲಿಕ್ಕಾಗುತ್ತದೆಯೇ ಅಂತ. ತಪ್ಪೇನಿಲ್ಲ ಅವನದು.

ಮನೆ ತಲುಪಿ ಮೆಟ್ಟಿಲು ಹತ್ತುವಾಗ ಸುಮಿತ್ರಾಳ ಬಾಯಲ್ಲಿ ‘ಅವ್ವಾ ಅವ್ವಾ’ ಒಂದೇ ಮಾತು. ಬಾಗಿಲು ತೆರೆದೇ ಇತ್ತು.

ನೀಲವ್ವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಟಿವಿ ಬಂದಾಗಿತ್ತು. ನಾನು ಅಳು ನಿರೀಕ್ಷಿಸಿದ್ದೆ. ಮುಖದಲ್ಲಿ ಅಳುವಿನ ಗುರುತೇ ಇರಲಿಲ್ಲ.

“ಬಂದಿರೇನು? ಕೂಡ್ರಿ. ನೀರು ಕುಡೀರಿ.”

ಸುಮಿತ್ರಾ ಅವರ ಕಾಲ ಬಳಿ ಕುಸಿದು ಕೂತಳು. “ಅವ್ವಾ, ನನಗ ಗೊತ್ತಿರಲಿಲ್ಲವ್ವಾ. ಖರೇನ ಗೊತ್ತಿರಲಿಲ್ಲ.”

“ನಿನಗ ಹೆಂಗ ಗೊತ್ತಿರ್ತೈತಿ? ನೀ ನನ್ನ ಬಗಲಾಗಿದ್ದಿ.” ಮಗಳ ಹೆಗಲ ಮೇಲಿನ ಶಾಲನ್ನು ಮುಟ್ಟಿ ನೋಡಿದರು. “ಚಲೋ ಐತಿ ಬಟ್ಟಿ. ಪುಸ್ತಕ ಕೊಟ್ರೇನು?”

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆಗೇ ತಿರುಗಿದರು. “ನಿನ್ನ ಬ್ಯಾಗಿನಾಗ ಐತೇನು? ತಗಿ.”

ತೆಗೆದೆ. ಏನು ಮಾಡಲಿ?

“ಅವರು ಬರದದ್ದು ಕೇಳಿದೆ. ಅವತ್ತೂ ಕೇಳೀನಿ, ಕೋರ್ಟಿನಾಗ ಓದಿದ್ರು. ಈಗ ನಾ ಹೇಳಿದ್ದು ಓದು.”

ಕೈಫಿಯತ್ತು ಇದ್ದ ಅಧ್ಯಾಯ ತೆರೆದೆ. ಮಾಸ್ತರರ ಗದ್ಯ ಪೂರ್ತಿ, ಒಂದಕ್ಷರ ಬಿಡದೆ. ಅದರ ಬೆನ್ನಿಗೆ ಲೇಖಕರ ವಿಶ್ಲೇಷಣೆ, ಉಪಮೆ ಹೇಗಿದೆ, ಲಯ ಹೇಗಿದೆ. ಪುಟ ತಿರುವಿದೆ. ಮತ್ತೆ ತಿರುವಿದೆ. ನೀಲವ್ವನ ಮಾತು ಎಲ್ಲೂ ಇಲ್ಲ. ಅಧ್ಯಾಯದ ಕೊನೆಗೆ ಒಂದೇ ವಾಕ್ಯ: ಕವಿಯ ಔದಾರ್ಯದಿಂದ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಓದಿ ಹೇಳಿದೆ. ಆಗ ಮಾತ್ರ ಅವರ ಮುಖ ಬದಲಾಯಿತು.

“ಔದಾರ್ಯ?” ಎಂದರು. “ಯಾರ ಔದಾರ್ಯ? ಫೋನ್ ಹಚ್ಚು ಅವನಿಗೆ. ನನ್ನ ಕೈಯಾಗಿನ ರೊಟ್ಟಿ ತಿಂದಾನ, ಒಂದು ಮಾತು ಕೇಳಲಿಲ್ಲಲ್ಲ.”

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಈ ಮನುಷ್ಯ ಅಡುಗೆಮನೆಯ ಬಾಗಿಲಲ್ಲೇ ಇದ್ದ ಸಾಕ್ಷಿಯನ್ನು ಬಿಟ್ಟು ದೂರದ ಕೋರ್ಟಿಗೆ ಬಸ್ ಹಿಡಿದಿದ್ದರು. ಸುಮಿತ್ರಾ ಸ್ಪೀಕರ್ ಹಾಕಿ ಫೋನ್ ಮಾಡಿದಳು. ಆ ಕಡೆ ಸನ್ಮಾನದ ಊಟದ ಗದ್ದಲ. ಲೇಖಕರು ಬಹಳ ಖುಷಿಯಲ್ಲಿದ್ದರು.

“ಅವ್ವಾರ, ನಮಸ್ಕಾರ್ರಿ! ಕಾರ್ಯಕ್ರಮ ನೋಡಿದ್ರೇನ್ರಿ? ಭಾಳ ಛಲೋ ಆತು.”

“ನೋಡಿದೆ. ನಾ ಹೇಳಿದ್ದು ಕಡತದಾಗ ಇರಲಿಲ್ಲೇನು?”

ಗದ್ದಲದಿಂದ ದೂರ ಸರಿದರೆಂದು ಕಾಣುತ್ತದೆ, ದನಿ ಸ್ಪಷ್ಟವಾಯಿತು. “ಇತ್ರಿ... ಇತ್ತು. ಸಣ್ಣದಿತ್ತು, ನಾಕೈದು ಸಾಲು. ಸಾದಾ ಮಾತ್ರಿ ಅವು. ಇದು ಸಾಹಿತ್ಯದ ಗ್ರಂಥ ನೋಡ್ರಿ, ಅದರಾಗ ಸಾಹಿತ್ಯಿಕ ಮೌಲ್ಯ ಇರಲಿಲ್ಲ. ಅದಕ್ಕ ಕೈ ಬಿಟ್ಟೆ. ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಅವೆಲ್ಲ ಹಳೇ ಮಾತು, ನಾವು ಅವನ್ನ ಕಲೆ ಅಂತ ನೋಡಬೇಕು.”

ಸುಮಿತ್ರಾ ಫೋನ್ ಕಸಿದುಕೊಂಡಳು. “ಕಲೆ ಏನ್ರಿ? ನಮ್ಮವ್ವಗ ಹುಚ್ಚಿ ಅಂತ ಬರದದ್ದು ಕಲೆ ಏನ್ರಿ? ನಾ ಈ ಪುಸ್ತಕ ನಿಲ್ಲಸ್ತೀನಿ. ಒಂದು ಪ್ರತಿ ಮಾರಾಕ ಬಿಡಂಗಿಲ್ಲ.”

“ಏ ಸುಮಿ, ಸುಮ್ಮನಿರು” ಎಂದರು ನೀಲವ್ವ. “ನಿಲ್ಲಸೂದ್ಯಾಕ? ಅವರು ಬರದದ್ದು ಅವರಿಗೆ ಇರಲಿ. ನಂದೂ ಹಾಕು ಅಂತೀನಿ ನಾ. ಇಷ್ಟ. ಏನಪಾ, ನಾ ಏನು ಹೇಳಿದ್ದೆ ನೆನಪೈತೇನು ನಿನಗ? ಕಡತ ಓದಿಯಲ್ಲ.”

“ಅದು... ಪೂರ್ತಿ ನೆನಪಿಲ್ರಿ” ಎಂದರು ಲೇಖಕರು.

“ನಾ ಹೇಳ್ತೀನಿ ಕೇಳು” ಎಂದರು ನೀಲವ್ವ. ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಕೂತೇ ಹೇಳಬಹುದಿತ್ತು. ಆದರೆ ಕೋರ್ಟಿನಲ್ಲಿ ನಿಂತುಕೊಂಡೇ ಹೇಳಬೇಕಲ್ಲವೇ? ಆ ಹೆಂಗಸು ನಿಂತಳು.

“ಸಾಹೇಬ್ರ, ಹಾಳಿ ಸುಟ್ಟದ್ದು ಖರೇ ಐತ್ರಿ. ಮಳಿಗಾಲ ಇತ್ತು. ಮನ್ಯಾಗ ಕಟಗಿ ತೀರಿದ್ವು. ಇವರಿಗೆ ಹೇಳಿ ಹೇಳಿ ಸಾಕಾಗಿತ್ತು, ಇವರು ಕವಿಗೋಷ್ಠಿಗೆ ಹೋದವರು ಬಂದಿರಲಿಲ್ಲ. ಕೂಸಿಗೆ ನೀರು ಕಾಸಬೇಕಿತ್ತು. ಇವರು ಗೀಟು ಎಳದು ಕಾಟು ಹೊಡದು ಒಗದ ಹಾಳಿ ಅಷ್ಟ ಆರಿಸಿ ಒಲಿಗೆ ಹಾಕೀನಿ. ಚಲೋ ಹಾಡು ಒಂದೂ ಸುಟ್ಟಿಲ್ರಿ. ನನಗೂ ಓದಾಕ ಬರತೈತಿ.”

ಸುಮಿತ್ರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಕೂಸು ಅವಳೇ.

ನೀಲವ್ವ ಮೆಲ್ಲಗೆ ಕೂತರು. “ಸಾಹೇಬ್ರು ಇವರ ಕಡೆ ನೋಡಿದ್ರು. ‘ಹೌದೇನ್ರಿ?’ ಅಂತ ಕೇಳಿದ್ರು. ಇವರು ತಲಿ ಎತ್ತಲಿಲ್ಲ. ಹೊರಗ ಬೇವಿನ ಗಿಡದ ಕೆಳಗ ಬಂದು ‘ನಡಿ, ಮನಿಗೆ ಹೋಗೂಣು’ ಅಂದ್ರು. ನಾ ‘ಮೊದಲ ಒಂದು ಗಾಡಿ ಕಟಗಿ ಹಾಕಸ್ರಿ, ಆಮ್ಯಾಲ ಬರ್ತೀನಿ’ ಅಂದೆ. ಹಾಕ್ಸಿದ್ರು. ಬಂದೆ. ಅದನ್ನ ನಿನ್ನ ಪುಸ್ತಕದಾಗ ಔದಾರ್ಯ ಅಂದಿ.”

ಮುಂದೆ ಆ ಮನುಷ್ಯನೊಂದಿಗೆ ಬಾಳಿದರು, ಅವರ ಹಾಡು ಮದುವೆ ಮದುವೆಗೆ ಕೇಳಿದರು, ಕೊನೆಗಾಲದಲ್ಲಿ ಚಮಚದಿಂದ ಗಂಜಿ ಕುಡಿಸಿದರು. ಮಗಳಿಗೆ ಒಂದು ದಿನವೂ ಇದನ್ನು ಹೇಳಲಿಲ್ಲ. ‘ಯಾಕ ಹೇಳಲಿಲ್ಲವ್ವಾ?’ ಎಂದು ಸುಮಿತ್ರಾ ಕೇಳಿದಾಗ, “ಮುಗದ ಜಗಳ ಅದು. ತಿರಗಿ ತಗದವರು ಪುಸ್ತಕ ಬರದವರು, ನಾ ಅಲ್ಲ” ಎಂದರು. ಅಷ್ಟೇ.

ನಾನು ಫೋನಿನತ್ತ ಬಾಗಿದೆ. ಲೇಖಕರು ಇನ್ನೂ ಲೈನಿನಲ್ಲಿದ್ದರು.

“ಕೇಳಿದಿರೇನ್ರಿ?” ಎಂದೆ. “ಇದರಾಗ ಮೌಲ್ಯ ಇಲ್ಲೇನ್ರಿ?”

ಅವರು ಗಂಟಲು ಸರಿಪಡಿಸಿಕೊಂಡರು. “ಇಲ್ಲ ಅಂತಲ್ರಿ... ಎರಡನೇ ಮುದ್ರಣ ಆದ್ರ ನೋಡೂಣ್ರಿ. ಪುಟದ ಕೆಳಗ ಒಂದು ಅಡಿಟಿಪ್ಪಣಿ ಮಾಡಿ ಹಾಕಬಹುದು.”

ಗಂಡ ಕೋರ್ಟಿಗೆ ಹೇಳಿದ ಸುಳ್ಳಿಗೆ ಇಡೀ ಅಧ್ಯಾಯ, ಅವನು ತಲೆ ತಗ್ಗಿಸುವಂತೆ ಮಾಡಿದ ಹೆಂಡತಿಯ ಮಾತಿಗೆ ಅಡಿಟಿಪ್ಪಣಿ. ಇದು ಯಾರ ಜೀವನದ ಚರಿತ್ರೆ ಸ್ವಾಮಿ?